ಚೀಟಿ ಬಟ್ಟೆಯನ್ನು ಚೀಟಿ ಎಂದೇ ಕರೆಯೋಣ

ಮಾನ್ಯರೇ,

ಹೂಬಳ್ಳಿ ಅಚ್ಚಾದ ಹತ್ತಿ ಬಟ್ಟೆಗೆಲ್ಲ ಈಗ ‘ಕಲಂಕಾರಿ’ ಎಂದು ಬರೆಯುವುದು ರೂಢಿಯಾಗಿಬಿಟ್ಟಿದೆ. ಕನ್ನಡದಲ್ಲಿ ಅದಕ್ಕೆ ‘ಚೀಟಿ’ ಎಂಬ ಪದವಿದೆ. ಚೀಟಿ ಲಂಗ, ಚೀಟಿ ರವಿಕೆ ಎನ್ನುತ್ತಿದ್ದರು. ಹಿಂದಿಯ ‘ಛೀಂಟ್’, ಇಂಗ್ಲಿಷಿನ ‘ಚಿಂಟ್ಸ್’ ಇದರ ಬಳಗದವೇ. ಕಲಂಕಾರಿ ಎಂದರೆ ಕಲಮಿನ, ಅಂದರೆ ಲೇಖನಿಯ, ಕೆಲಸ. ಯಂತ್ರದಲ್ಲಿ ಅಚ್ಚಾದದ್ದಕ್ಕೆ ಆ ಹೆಸರು ಸಲ್ಲದು.

ಕೋರಮಂಡಲ ತೀರದ ಹಳೆಯ ಚೀಟಿಯಲ್ಲಿ ಬಣ್ಣವನ್ನು ನೇರವಾಗಿ ಬಳಿಯುತ್ತಿರಲಿಲ್ಲ. ಮೊದಲು ಬಟ್ಟೆಯನ್ನು ಅಳಲೆಕಾಯಿ ಪುಡಿ ಕದಡಿದ ಎಮ್ಮೆ ಹಾಲಿನಲ್ಲಿ ಅದ್ದಿ ಒಣಗಿಸಬೇಕು. ಹಾಲಿನ ಜಿಡ್ಡು ಕಡಿಮೆಯಾದರೆ ಕಲಮಿನಿಂದ ಬರೆದ ಗೆರೆ ಹರಡುತ್ತದೆ. ಬೆಲ್ಲದ ನೀರಿನಲ್ಲಿ ತುಕ್ಕುಕಬ್ಬಿಣ ಹುಳಿಸಿದ ದ್ರಾವಣ ಅಳಲೆಯ ಒಗರಿಗೆ ತಾಗಿದಾಗ ಕಪ್ಪಾಗುತ್ತದೆ. ಅದು ಗಾಢವಾದರೆ ನೂಲನ್ನೇ ತಿನ್ನುತ್ತದೆ. ಹಳೆಯ ತುಂಡುಗಳಲ್ಲಿ ಕಪ್ಪು ಗೆರೆ ಇದ್ದಲ್ಲೇ ತೂತು ಬಿದ್ದಿರುವುದು ಇದರಿಂದಲೇ. ಪಟಿಕ ಬಳಿದ ಜಾಗ ಮಾತ್ರ ಬಣ್ಣದ ಹಂಡೆಯಲ್ಲಿ ಕೆಂಪು ಹಿಡಿಯುತ್ತದೆ. ಅದಕ್ಕೆ ಮುನ್ನ ಹೆಚ್ಚುವರಿ ಪಟಿಕವನ್ನು ಹರಿಯುವ ನೀರಿನಲ್ಲಿ ತೊಳೆಯದಿದ್ದರೆ ಬಿಳಿ ನೆಲವೆಲ್ಲ ಕೆಂಪು. ಹಸಿರೆಂದರೆ ನೀಲಿಯ ಮೇಲೆ ಹಳದಿ. ಹಳದಿ ಬೇಗ ಮಾಸುವುದರಿಂದ ಹಳೆಯ ಚೀಟಿಯ ಎಲೆಗಳು ನೀಲಿಯಾಗಿ ಕಾಣುತ್ತವೆ.

ಈ ಬಟ್ಟೆಯಿಂದ ತನ್ನ ನೇಕಾರರಿಗೆ ಪೆಟ್ಟು ಬೀಳುತ್ತದೆಂದು ಹೆದರಿಯೇ ಫ್ರಾನ್ಸ್ 1686ರಲ್ಲಿ ಅದನ್ನು ನಿಷೇಧಿಸಿತು. ಇಂಗ್ಲೆಂಡ್ 1700ರ, ನಂತರ 1721ರ ಕಾಯ್ದೆಗಳಿಂದ ತಡೆಯಿತು.

ಪರದೆಗೆ, ಕುರ್ಚಿ ಗವುಸಿಗೆ ಬಳಸುವ ಮಿರುಗು ಚೀಟಿಯದು ಬೇರೆ ಮಾತು. ಗಂಜಿ ಹಾಕಿ ಉಜ್ಜಿ ತಂದ ಹೊಳಪು ಒಂದೇ ಒಗೆತಕ್ಕೆ ಇಳಿಯುತ್ತದೆ. ನೆನೆಸಬೇಡಿ, ಒಣ ಬ್ರಷ್‌ನಿಂದ ಧೂಳು ತೆಗೆಯಿರಿ.

– ಓದುಗರು