ದೂರು: ‘ಎಸ್ಪ್ರೆಸೊಗೆ ಸೂಕ್ತ’ ಎಂದು ಮಾರಿದ ಗ್ರೈಂಡರ್ ಬಗ್ಗೆ

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ನಮಸ್ಕಾರ. ಫೋನಿನಲ್ಲಿ ಹೇಳಿದ್ದಾಯಿತು, ಇಮೇಲ್ ಕಳಿಸಿದ್ದೂ ಆಯಿತು. ಈಗ ಕಾಗದ ಬರೆಯುತ್ತಿದ್ದೇನೆ. ಮುಂದೆ ದಾಖಲೆಗೆ ಬೇಕಾಗುತ್ತದೆ.

ಬಿಸಿನೀರನ್ನು ಒತ್ತಡದಲ್ಲಿ ಹಾಯಿಸಿ ಇಳಿಸುವ ಎಸ್ಪ್ರೆಸೊ ಕಾಫಿಯ ಲೆಕ್ಕ ನಿಮಗೆ ಗೊತ್ತಿರಲೇಬೇಕು, ಡಬ್ಬದ ಮೇಲೆ ಅಚ್ಚು ಹಾಕಿಸಿದವರು ನೀವೇ ಅಲ್ವಾ. 18 ಗ್ರಾಂ ಪುಡಿ ಹಾಕಿದರೆ ಸುಮಾರು 36 ಗ್ರಾಂ ಕಾಫಿ 25ರಿಂದ 30 ಸೆಕೆಂಡಿನಲ್ಲಿ ಇಳಿಯಬೇಕು. ನಮ್ಮ ಮನೆಯಲ್ಲಿ 11 ಸೆಕೆಂಡಿಗೆ ಧೋ ಅಂತ ಸುರಿದು ಮುಗಿಯುತ್ತದೆ. ಬಾಯಿಗಿಟ್ಟರೆ ಹುಣಸೆ ನೀರು. ನಿಮ್ಮ ಗ್ರೈಂಡರ್ ಸಾಕಷ್ಟು ನುಣ್ಣಗೆ ಬೀಸುತ್ತಿಲ್ಲ, ಅದಕ್ಕೇ ನೀರು ತಡೆಯಿಲ್ಲದೆ ಓಡುತ್ತದೆ.

ಹೊರಗಿನ ಡಯಲ್ 1ರಲ್ಲಿದೆ, ಅಂದರೆ ಅತಿ ನುಣ್ಣಗೆ. ಅದಕ್ಕಿಂತ ಕೆಳಗೆ ನಂಬರ್ ಇಲ್ಲ. ಆಗಲೂ ಬೇಗ ಇಳಿದರೆ ಬೀಜ ಅರೆಯುವ ಎರಡು ಹಲ್ಲುಚಕ್ರಗಳಲ್ಲಿ (ಬರ್) ಮೇಲಿನದನ್ನು ಬಿಚ್ಚಿ, ಅದರ ಪಟ್ಟಿಯನ್ನು ಒಂದೊಂದೇ ಅಂಕೆ ಇಳಿಸಿ ಎನ್ನುತ್ತದೆ ನಿಮ್ಮ ಮ್ಯಾನ್ಯುಯಲ್. ಇಳಿಸಿದೆ. 6ರಲ್ಲಿ ಬಂದದ್ದು ಈಗ ಅದೂ 1ಕ್ಕೆ ಬಂದು ನಿಂತಿದೆ. ಇಷ್ಟಾದರೂ ಎರಡು ಬರ್ ತಾಗುವ ಚಿರ್ ಶಬ್ದ ಕೂಡ ಇಲ್ಲ. ಅಂದರೆ ನಡುವಿನ ಸಂದೇ ಜಾಸ್ತಿ. ಇಂಥದ್ದಕ್ಕೆ ಬರ್ ಕೆಳಗೆ ಹಾಕುವ ತೆಳು ಬಿಲ್ಲೆ, ಶಿಮ್, ಪುಕ್ಕಟೆ ಕಳಿಸುತ್ತೇವೆ ಎಂದು ಅದೇ ಪುಟದಲ್ಲಿ ಬರೆದವರೂ ನೀವೇ.

ಬೀಜ ಹಳೆಯದು ಅನ್ನಬೇಡಿ. ಚಿಕ್ಕಮಗಳೂರಿನ ಅರೇಬಿಕಾ, ಹುರಿದು ಎರಡು ವಾರವೂ ಆಗಿಲ್ಲ. ಡಯಲ್ ತಿರುಗಿಸಿದಾಗೆಲ್ಲ ಒಳಗೆ ಉಳಿದ ಹಳೆ ಪುಡಿ ಚೆಲ್ಲಿಯೇ ತೂಗಿದ್ದೇನೆ.

ಇನ್ನು ನಿಮ್ಮ ಸರ್ವಿಸ್ ಸೆಂಟರ್. ಕೌಂಟರಿನ ಹುಡುಗ ಡಯಲ್ ಕಡೆ ನೋಡಲೂ ಇಲ್ಲ. ಒಂದು ಹಿಡಿ ಬೀಜ ಹಾಕಿ ಬಟನ್ ಒತ್ತಿದ. ಬಂದ ಪುಡಿಯನ್ನು ಎರಡು ಬೆರಳಲ್ಲಿ ಉಜ್ಜಿ, ಬೆಂಚಿನಲ್ಲಿ ಕೂತವರಿಗೂ ಕಾಣುವಂತೆ ಎತ್ತಿ ಹಿಡಿದ.

“ಪುಡಿ ಆಗ್ತಿದೆಯಲ್ಲ ಮೇಡಂ, ಇನ್ನೇನ್ ಬೇಕು?”

ಕಾಫಿ ಬೇಗ ಇಳಿಯುತ್ತೆ, 25 ಸೆಕೆಂಡಾದರೂ ಹಿಡಿಯಬೇಕು ಅಂದೆ.

“ಹಾಗಾದ್ರೆ 25 ಸೆಕೆಂಡ್ ಆದ್ಮೇಲೆ ಮಷೀನ್ ಆಫ್ ಮಾಡಿ.”

ಶಿಮ್ ಕೇಳಿದೆ. ಅವನು ಒಳಗೆ ತಿರುಗಿ ಕೂಗಿದ. “ಅಣ್ಣಾ, ಮಿಕ್ಸಿ ವಾಷರ್ ಇದ್ಯಾ?” ಒಳಗಿನಿಂದ ಉತ್ತರ, “ಜಾರ್ ತಂದಿದಾರಾ ಕೇಳು.” ಜಾರ್ ತಂದಿರಲಿಲ್ಲ, ಕ್ಷಮಿಸಿ. ಕೊನೆಗೆ ಆ ಅಣ್ಣನೇ ಕೈ ಒರೆಸಿಕೊಳ್ಳುತ್ತ ಬಂದು, “ಸ್ವಲ್ಪ ಚಿಕೋರಿ ಸೇರ್ಸಿ ಮೇಡಂ, ನಿಧಾನಕ್ಕೆ ಇಳಿಯುತ್ತೆ” ಎಂದರು. ಬೆಂಚಿನವರು ನಕ್ಕರು. ಜಾಬ್ ಶೀಟಿನಲ್ಲಿ ಬರೆದದ್ದು ಇದು: ‘ದೋಷವಿಲ್ಲ. ಗ್ರಾಹಕರಿಗೆ ತಿಳಿಹೇಳಲಾಗಿದೆ.’

ಫಿಲ್ಟರ್ ಕಾಫಿಗಾದರೆ ಆ ಮಾತು ಸರಿಯೇ. ಆದರೆ ಚಿಕೋರಿ ಬೆರೆಸಿ ಪುಡಿ ಮಾಡಿಕೊಡಲು ನಮ್ಮ ಬೀದಿಯಲ್ಲೇ ಕಾಫಿ ಪುಡಿ ಅಂಗಡಿ ಇದೆ. ಅವರು ಎಷ್ಟು ನುಣ್ಣಗೆ ಬೇಕು ಅಂತ ಕೇಳಿಯೇ ಬೀಸುತ್ತಾರೆ. ನಿಮ್ಮ ಯಂತ್ರಕ್ಕೆ ಸುಮ್ನೆ ದುಡ್ಡು ಸುರಿಯಬೇಕಿತ್ತಾ?

ಶಿಮ್ ಕಳಿಸಿ, ಇಲ್ಲವೇ ಬೇರೆ ಗ್ರೈಂಡರ್ ಕೊಡಿ ಎಂದು ಬೇಡುವ ಕಾಲ ಮುಗಿಯಿತು. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತಿದ್ದೇನೆ. ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆ ಪ್ರಕಾರ ನಾನಿರುವ ಊರಿನಲ್ಲೇ ದೂರು ಹಾಕಬಹುದು. 5 ಲಕ್ಷ ರೂಪಾಯಿ ಒಳಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರೇ ಆಗಬೇಕೆಂದೂ ಇಲ್ಲ. ನಾನು ಗ್ರೈಂಡರ್, ತಕ್ಕಡಿ, ಮ್ಯಾನ್ಯುಯಲ್ ಮೂರೂ ತರುತ್ತೇನೆ. ನೀವು ಆ ಅಣ್ಣನನ್ನು ಕರೆತನ್ನಿ. ನನಗೆ ತಿಳಿಹೇಳಿದ್ದನ್ನು ಆಯೋಗಕ್ಕೂ ಒಮ್ಮೆ ತಿಳಿಹೇಳಲಿ.

ಇಂತಿ,
ಇನ್ನೂ ವಾರಂಟಿಯೊಳಗೇ ಇರುವ ನಿಮ್ಮ ಗ್ರಾಹಕಿ