ರಾತ್ರಿ ನಿಲ್ಲುವ ಗಾಳಿ, ಬೆಳಗಾಗುವಷ್ಟರಲ್ಲಿ ಕಪ್ಪಾಗುವ ಕಾಲುವೆ

ಮಾನ್ಯ ಸಂಪಾದಕರೇ,

ಬೆಂಗಳೂರಿನ ಪೂರ್ವದ ಅಂಚಿನಲ್ಲಿರುವ ನಮ್ಮ ಬಡಾವಣೆಯ ಇನ್ನೂರು ಮನೆಗಳಿಗೆ ಸೇರಿ ಒಂದು ಚಿಕ್ಕ ಕೊಳಚೆ ನೀರು ಶುದ್ಧೀಕರಣ ಘಟಕವಿದೆ. ಅದರ ಹಿಂಗೋಡೆಗೆ ಒತ್ತಿಕೊಂಡೇ ರಾಜಕಾಲುವೆ ಹರಿಯುತ್ತದೆ. ನಾನು ದಿನವೂ ಅದರ ದಂಡೆಯ ಮೇಲೆ ನಡೆಯುತ್ತೇನೆ. ಬೆಳಗಿನ ಐದೂವರೆಗೆ ಘಟಕದ ಕೊಳವೆಯಿಂದ ಬೀಳುವ ನೀರು ಕಪ್ಪಗಿರುತ್ತದೆ, ಕೊಳೆತ ಮೊಟ್ಟೆಯ ನಾತ ಹೊಡೆಯುತ್ತದೆ. ಬಿಸಿಲೇರಿದ ಮೇಲೆ ಅದೇ ನೀರು ಹೆಚ್ಚುಕಡಿಮೆ ತಿಳಿಯಾಗುತ್ತದೆ. ವಿಚಾರಿಸಿದಾಗ ತಿಳಿದದ್ದು ಇಷ್ಟು: ವಿದ್ಯುತ್ ಬಿಲ್ ಉಳಿಸಲು ರಾತ್ರಿ ಹತ್ತರ ನಂತರ ಬ್ಲೋವರ್, ಅಂದರೆ ತೊಟ್ಟಿಯ ನೀರಿಗೆ ಗಾಳಿ ಊದುವ ಯಂತ್ರ, ನಿಲ್ಲಿಸುತ್ತಾರೆ.

ಇದು ಬೀದಿದೀಪ ಆರಿಸಿದಂತಲ್ಲ. ಘಟಕದಲ್ಲಿ ಕೊಳೆಯನ್ನು ತಿಂದು ಕರಗಿಸುವುದು ಯಂತ್ರವಲ್ಲ, ಕಣ್ಣಿಗೆ ಕಾಣದ ಜೀವಾಣುಗಳು. ಅವಕ್ಕೆ ಉಸಿರಾಡಲು ಹಗಲಿರುಳೂ ಗಾಳಿ ಬೇಕು. ಗಂಟೆಗಟ್ಟಲೆ ಗಾಳಿ ನಿಂತರೆ ತೊಟ್ಟಿ ಕೊಳೆಯತೊಡಗುತ್ತದೆ, ತಳಕ್ಕೆ ಕೂರಬೇಕಾದ ಕೆಸರು ಮೇಲೆದ್ದು ನೀರಿನ ಜೊತೆಗೇ ಹೊರಟುಹೋಗುತ್ತದೆ. ಘಟಕ ನೋಡಿಕೊಳ್ಳುವ ಯುವಕರು ಒಮ್ಮೆ ಗಾಳಿ ತೊಟ್ಟಿಯ ನೀರನ್ನು ಒಂದು ಲೀಟರಿನ ಜಾಡಿಗೆ ತುಂಬಿ ಅರ್ಧ ಗಂಟೆ ಇಟ್ಟು ತೋರಿಸಿದರು. ಘಟಕ ಆರೋಗ್ಯವಾಗಿದ್ದರೆ ಕಂದು ಕೆಸರು ತಳದಲ್ಲಿ, ತಿಳಿನೀರು ಮೇಲೆ. ಅಂದು ಜಾಡಿಯ ತುಂಬ ಒಂದೇ ಬಣ್ಣ. ಅವರ ಊರು, ಹೆಸರು ಬರೆಯುವುದಿಲ್ಲ, ಅವರ ಅನ್ನಕ್ಕೆ ಸಂಚಕಾರ ಬರಬಾರದು.

ಇಷ್ಟು ಚಿಕ್ಕ ಘಟಕದಿಂದ ಆಗುವುದೇನು ಎಂದು ನಮ್ಮ ಸಭೆಯಲ್ಲಿ ಹಿರಿಯರೊಬ್ಬರು ಕೇಳಿದರು. ತಲೆಗೆ ದಿನಕ್ಕೆ 135 ಲೀಟರ್ ನೀರು ಎಂಬ ಸರ್ಕಾರಿ ಅಳತೆಯಲ್ಲಿ, ಅದರ ಐದರಲ್ಲಿ ನಾಲ್ಕು ಪಾಲು ಕೊಳಚೆಯಾದರೆ, ನಮ್ಮ ಎಂಟುನೂರು ಜನರಿಂದ ದಿನಕ್ಕೆ ಸುಮಾರು 86 ಸಾವಿರ ಲೀಟರ್. ನಗರದಲ್ಲಿ ಇಂಥ ಘಟಕಗಳು ಲೆಕ್ಕವಿಲ್ಲದಷ್ಟಿವೆ. 2017ರ ಫೆಬ್ರುವರಿಯಲ್ಲಿ ಬೆಳ್ಳಂದೂರು ಕೆರೆ ಹೊತ್ತಿ ಉರಿದದ್ದನ್ನು ನಾವು ಮರೆತಿಲ್ಲ. ಆ ಕೆರೆ ತುಂಬಿ ವರ್ತೂರು ಕೆರೆಗೆ, ವರ್ತೂರಿನ ಕೋಡಿಯಿಂದ ದಕ್ಷಿಣ ಪಿನಾಕಿನಿ ನದಿಗೆ ಹರಿಯುತ್ತದೆ. ಅದೇ ನದಿಗೆ ತಮಿಳುನಾಡಿನ ಹೊಸೂರಿನ ಬಳಿ ಕಟ್ಟಿದ ಕೆಲವರಪಳ್ಳಿ ಜಲಾಶಯದಲ್ಲಿ ನೊರೆ ಏಳುತ್ತದೆ. ಆ ನೀರಿನಲ್ಲಿ ಬೇಸಾಯ ಮಾಡುವವರು ನಮ್ಮ ವಿದ್ಯುತ್ ಬಿಲ್ಲಿನ ಬಾಕಿ ತೀರಿಸಬೇಕೇ?

ಸರಿಯಾಗಿ ನಡೆಸಿದರೆ ಇದೇ ನೀರು ಸಂಪತ್ತು. ನಗರದ ಉತ್ತರದ ಜಕ್ಕೂರಿನಲ್ಲಿ ಶುದ್ಧೀಕರಿಸಿದ ನೀರು ಜೊಂಡು ಬೆಳೆದ ಜೌಗಿನ ಮೂಲಕ ಹಾದು ಕೆರೆ ಸೇರುತ್ತದೆ, ಆ ಕೆರೆಯಲ್ಲಿ ಮೀನು ಹಿಡಿಯುತ್ತಾರೆ.

ಅಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟೇ. ಪ್ರತಿ ಘಟಕದ ಬ್ಲೋವರ್‌ಗೆ ಪ್ರತ್ಯೇಕ ವಿದ್ಯುತ್ ಮೀಟರ್ ಕಡ್ಡಾಯವಾಗಲಿ. ಗಂಟೆಗಂಟೆಯ ಲೆಕ್ಕ ಬಡಾವಣೆಯ ಗೇಟಿನ ಫಲಕದಲ್ಲಿ ನಿವಾಸಿಗಳಿಗೂ ಕಾಣಲಿ. ಹಗಲು ಹನ್ನೊಂದಕ್ಕೆ ಬಂದು ತೆಗೆದ ಮಾದರಿ ರಾತ್ರಿಯ ಕಥೆ ಹೇಳುವುದಿಲ್ಲ, ನೀರಿನ ಮಾದರಿಯನ್ನು ಮುನ್ಸೂಚನೆ ಕೊಡದೆ ನಸುಕಿನಲ್ಲಿ ತೆಗೆಯಲಿ. ನೆರೆಹೊರೆಯವರಿಗೂ ಒಂದು ಮಾತು: ಇಡೀ ರಾತ್ರಿಯ ಗಾಳಿಯ ಖರ್ಚನ್ನು ಇನ್ನೂರು ಮನೆಗಳು ಹಂಚಿಕೊಳ್ಳೋಣ. ಮುಂದಿನ ತಿಂಗಳ ನಿರ್ವಹಣಾ ಶುಲ್ಕದಲ್ಲಿ ನನ್ನ ಪಾಲನ್ನು ಸೇರಿಸಲು ಈಗಾಗಲೇ ಬರೆದುಕೊಟ್ಟಿದ್ದೇನೆ.

ಒಬ್ಬ ನಿವಾಸಿ, ಬೆಂಗಳೂರು