ಬೆಲೆಯ ಜೊತೆ ಬೆಳೆಯ ಕಥೆಯನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ದುಬಾರಿ ವೈನ್‌ಗಳ ಬಗ್ಗೆ ಬಂದ ಬರಹ ಓದಿದೆ. 1945ರ ದ್ರಾಕ್ಷಿಯಿಂದ ಮಾಡಿದ ಫ್ರಾನ್ಸಿನ ಶಾಟೊ ಮೂಟನ್ ರಾಥ್‌ಶಿಲ್ಡ್ ವೈನ್ ಬಗ್ಗೆ ಅದರಲ್ಲಿದ್ದದ್ದು ಬರೀ ಬೆಲೆಯ ಲೆಕ್ಕ. ಅಷ್ಟೇ ಸಾಲದು, ಅಲ್ವಾ?

ನಾನು ಒಂದೂವರೆ ಎಕರೆಯಲ್ಲಿ ಬೆಂಗಳೂರು ನೀಲಿ ದ್ರಾಕ್ಷಿ ಬೆಳೆಯುವವನು. ಆ ವೈನ್ ಕುಡಿದಿಲ್ಲ, ಕುಡಿಯುವ ಯೋಗವೂ ಇಲ್ಲ ಬಿಡಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ವರ್ಷ ಮೇ ತಿಂಗಳಲ್ಲಿ, ಆ ವೈನ್ ತಯಾರಾಗುವ ಬೋರ್ಡೊ ಸೀಮೆಯಲ್ಲಿ ಬಿದ್ದ ಹಿಮ. ಎಳೆ ಚಿಗುರು ಸುಟ್ಟುಹೋಯಿತು. ಆಮೇಲೆ ಮಳೆಯಿಲ್ಲದ ಸುಡು ಬೇಸಿಗೆ. ಉಳಿದದ್ದು ಕೆಲವೇ ಗೊಂಚಲು, ಆದರೆ ರಸ ಗಟ್ಟಿ. ಹೋದ ವರ್ಷ ಆಲಿಕಲ್ಲು ಬಿದ್ದು ನನ್ನ ಚಪ್ಪರದಲ್ಲಿ ಅರ್ಧ ಹಣ್ಣು ಒಡೆದು ನೊಣ ಮುತ್ತಿತು. ಅವರಿಗೆ ಹೆಸರು ಉಳಿಯಿತು, ನನಗೆ ಸಾಲ!

ಎರಡನೇ ಮಹಾಯುದ್ಧ ಮುಗಿದ ವರ್ಷವಾದ್ದರಿಂದ ಆ ಬಾಟಲಿಯ ಲೇಬಲ್ ಮೇಲೆ ಗೆಲುವಿನ (ವಿಕ್ಟರಿ) ‘ವಿ’ ಅಕ್ಷರವಿದೆ. ಆ ಲೇಬಲ್ ಬರೆದವರು ಕಲಾವಿದ ಫಿಲಿಪ್ ಜೂಲಿಯನ್. ಅಲ್ಲಿಂದ ಮುಂದೆ ವರ್ಷಕ್ಕೊಬ್ಬ ಕಲಾವಿದರಿಂದ ಲೇಬಲ್ ಬರೆಸುವುದು ರೂಢಿಯಾಯಿತು. 1973ರ ಬಾಟಲಿಯ ಮೇಲೆ ಪಿಕಾಸೊ ಚಿತ್ರವಿದೆ. ಆದರೆ ಆ ವೈನ್ ತೋಟದ ಮಾಲೀಕ ಫಿಲಿಪ್ ಡಿ ರಾಥ್‌ಶಿಲ್ಡ್ ಅವರ ಹೆಂಡತಿ 1945ರಲ್ಲೇ ನಾತ್ಸಿಗಳ ರಾವೆನ್ಸ್‌ಬ್ರೂಕ್ ಸೆರೆ ಶಿಬಿರದಲ್ಲಿ ತೀರಿಕೊಂಡಿದ್ದರು. ಗೆಲುವಿನ ಲೇಬಲ್ ಅಂಟಿಸುವಾಗ ಆ ಮನುಷ್ಯನಿಗೆ ಹೇಗಾಗಿತ್ತೋ.

ಮುಂದಿನ ಸಲ ಇದನ್ನೂ ಎರಡು ಸಾಲು ಬರೆಸಿ.

– ಒಬ್ಬ ದ್ರಾಕ್ಷಿ ಬೆಳೆಗಾರ, ದೊಡ್ಡಬಳ್ಳಾಪುರ